ಬರಿಮುಖ

ನಮ್ಮೂರಿನಲ್ಲಿ ಮಕ್ಕಳನ್ನು ಯಾರೂ "ಏನಾಯ್ತು, ಯಾಕೆ ಅಳ್ತೀಯಾ" ಎಂದು ಕೇಳುವುದಿಲ್ಲ. ಕೇಳಿದರೆ ಮಕ್ಕಳು ಏನಾದರೊಂದು ಹೇಳುತ್ತವೆ, ಹೇಳಿದ್ದು ತಲೆಯಲ್ಲಿ ಕೂತುಬಿಡುತ್ತದೆ, ಆಮೇಲೆ ಪಟ ಕೆಡುತ್ತದೆ. ಆದ್ದರಿಂದ ಮಗು ಅತ್ತರೆ ಕಣ್ಣು ಮೂಗು ಒರೆಸಿ, ಕೈಗೊಂದು ಬಾಳೆಹಣ್ಣು ಕೊಟ್ಟು, ಪಟದ ದಿನ ಬರಲಿ ಎಂದು ಕಾಯುತ್ತೇವೆ. ಆರು ತುಂಬಿದ ಕೂಸಿನಿಂದ ಹಿಡಿದು ಹದಿನೆಂಟು ದಾಟದ ಹುಡುಗ ಹುಡುಗಿಯರವರೆಗೆ ಎಲ್ಲರೂ ವರ್ಷಕ್ಕೊಮ್ಮೆ ಪಟದ ಮನೆಗೆ ಹೋಗಿ ಬಳೆಯೊಳಗೆ ಮಲಗಿ ಎದ್ದು ಬರಬೇಕು. ಬಳೆ ಎಂದರೆ ಆ ಯಂತ್ರ. ಅದಕ್ಕೊಂದು ಉದ್ದನೆಯ ಹೆಸರಿದೆ, ಪಟದ ಮನೆಯ ಗೋಡೆಯ ಮೇಲೆ ಬರೆದಿದ್ದಾರೆ, ಓದಿ ಮುಗಿಸುವಷ್ಟರಲ್ಲಿ ನಮ್ಮ ಸರದಿ ಬಂದುಬಿಡುತ್ತದೆ. ಆಳೆತ್ತರದ ಬಿಳಿ ಬಳೆಯೊಂದನ್ನು ನಿಲ್ಲಿಸಿದ ಹಾಗಿದೆ ಅದು. ಮಗುವಿನ ತಲೆ ಅದರೊಳಗೆ ಹೋಗುತ್ತದೆ, ಒಳಗಿನ ಪುಟ್ಟ ಕನ್ನಡಿಯಲ್ಲಿ ಒಂದೊಂದಾಗಿ ಮುಖಗಳು ಕಾಣುತ್ತವೆ, ಯಾವ ಮುಖ ಕಂಡಾಗ ತಲೆಯೊಳಗೆ ಎಲ್ಲಿ ಕೆಂಪಾಯಿತು ಎಂಬುದು ಪಟದಲ್ಲಿ ಮೂಡುತ್ತದೆ.

ತಲೆಯೊಳಗೆ ಎಡಕ್ಕೊಂದು ಬಲಕ್ಕೊಂದು ಬಾದಾಮಿ ಬೀಜದಂಥದ್ದೇನೋ ಇದೆಯಂತೆ. ಅದು ಕೆಂಪಾದರೆ ಮಗು ಹೆದರಿದೆ ಎಂದು ಲೆಕ್ಕ. "ನಮ್ಮ ಹುಡುಗೀದು ಈ ಸಲ ಬಾದಾಮಿ ತಣ್ಣಗಿದೆ" ಎಂದು ತಾಯಂದಿರು ನಲ್ಲಿಯ ಹತ್ತಿರ ಹೇಳಿಕೊಳ್ಳುತ್ತಾರೆ. ಪಟದ ಹಿಂದಿನ ವಾರ ಯಾವ ಮನೆಯಲ್ಲೂ ಬಾದಾಮಿ ಹಾಲು ಕಾಯಿಸುವುದಿಲ್ಲ. ಅದಕ್ಕೂ ಇದಕ್ಕೂ ಯಾವ ಸಂಬಂಧವೂ ಇಲ್ಲ ಎಂದು ಪಟದ ಮನೆಯ ಡಾಕ್ಟರ್ ವಾರಿಜಾ ಮೇಡಂ ಮೈಕ್ ಹಿಡಿದು ಹೇಳಿದ್ದಾರೆ. ಅವರ ಮನೆಯಲ್ಲೂ ಕಾಯಿಸುವುದಿಲ್ಲ.

ಬಳೆಯೊಳಗೆ ತಲೆ ಒಂದಿಷ್ಟು ಅಲುಗಿದರೂ ಪಟ ಕಲಸಿಹೋಗುತ್ತದೆ. ಅದರ ಸದ್ದೋ, ಪಕ್ಕದಲ್ಲೇ ಯಾರೋ ತಗಡು ಬಡಿಯುತ್ತಿರುವಂಥದ್ದು. ಆದ್ದರಿಂದ ಮನೆಮನೆಯಲ್ಲೂ ಮಕ್ಕಳನ್ನು ಮಂಚದ ಕೆಳಗೆ ಮಲಗಿಸಿ, ಕಿವಿಯ ಹತ್ತಿರ ತಟ್ಟೆ ಬಡಿದು ಅಭ್ಯಾಸ ಮಾಡಿಸುತ್ತಾರೆ. ಸಂಜೆ ಹೊತ್ತು ಹೊಸದಾಗಿ ಬಂದವರು ಊರಿಗೆ ಊರೇ ಜಗಳ ಆಡುತ್ತಿದೆ ಎಂದುಕೊಳ್ಳುತ್ತಾರೆ. ಇದರಿಂದ ಒಂದು ಅನುಕೂಲವೂ ಆಗಿದೆ. ನಮ್ಮ ಮಕ್ಕಳು ಮದುವೆಯ ಬ್ಯಾಂಡಿನ ಪಕ್ಕದಲ್ಲೇ ಸುಖವಾಗಿ ನಿದ್ದೆ ಮಾಡುತ್ತವೆ.

ಬಳೆಯ ಜೊತೆ ಮೊದಲು ಬಂದ ಮುಖಗಳು ಯಾವುದೋ ಸೀಮೆಯವು. ನಮ್ಮ ಮಕ್ಕಳು ಅವುಗಳಲ್ಲಿನ ಕೋಪದ ಮುಖಕ್ಕೂ ನಕ್ಕವು, ಹೆದರಿದ ಮುಖಕ್ಕೂ ನಕ್ಕವು. ನಕ್ಕಾಗ ತಲೆ ಅಲುಗಿತು, ಆ ವರ್ಷದ ಪಟಗಳೆಲ್ಲ ದಂಡವಾದವು. ಆಗ ಮೇಡಂ, ಊರಿನ ಮುಖಗಳೇ ಇರಲಿ ಎಂದು ನಮ್ಮಲ್ಲೇ ನಾಲ್ವರನ್ನು ಆರಿಸಿದರು. ಗೊಬ್ಬರದ ಅಂಗಡಿಯ ಚೌಡಪ್ಪ ಕೋಪದ ಮುಖ. ಬಾವಿಕಟ್ಟೆ ಓಣಿಯ ಕುಸುಮಕ್ಕ ನಗುಮುಖ. ಪಂಪ್‌ಹೌಸಿನ ಗೂಳಪ್ಪ ಹೆದರಿದ ಮುಖ. ಹಿಟ್ಟಿನ ಗಿರಣಿಯ ತಿಪ್ಪೇಶಿ ಎಂಬ ನಾನು, ಕೋಪವೂ ಇಲ್ಲದ ನಗುವೂ ಇಲ್ಲದ ಬರಿಮುಖ. ನನ್ನನ್ನೇ ಯಾಕೆ ಆರಿಸಿದಿರಿ ಎಂದು ಕೇಳಿದ್ದಕ್ಕೆ ಮೇಡಂ, "ನಿಮ್ಮ ಮುಖದಲ್ಲಿ ಏನೂ ಇಲ್ಲ ತಿಪ್ಪೇಶಿ" ಎಂದರು. ಹೊಗಳಿಕೆಯೆಂದೇ ತೆಗೆದುಕೊಂಡೆ.

ಮುಖದವರಿಗೆ ಇರುವುದು ಒಂದೇ ಕಟ್ಟಳೆ. ಮಕ್ಕಳ ಕಣ್ಣಿಗೆ ಬೀಳುವಾಗಲೆಲ್ಲ ಬಳೆಯೊಳಗೆ ಯಾವ ಮುಖವಿದೆಯೋ ಅದೇ ಮುಖದಲ್ಲಿರಬೇಕು. ಚೌಡಪ್ಪ ಬೀದಿಯಲ್ಲಿ ನಕ್ಕುಬಿಟ್ಟರೆ ಬಳೆಯೊಳಗಿನ ಅವನ ಕೋಪವನ್ನು ಯಾವ ಮಗು ನಂಬೀತು? ಊರಿನಲ್ಲೇ ಮೆತ್ತನೆಯ ಮನುಷ್ಯ ಅವನು. ಜೇಬಿನ ತುಂಬ ಪೆಪ್ಪರ್‌ಮೆಂಟು ಇಟ್ಟುಕೊಂಡು, ಹುಬ್ಬು ಗಂಟಿಕ್ಕಿ, ಹಲ್ಲು ಕಡಿಯುತ್ತ ಮಕ್ಕಳ ಕೈಗೆ ತುರುಕುತ್ತಾನೆ. ಕುಸುಮಕ್ಕ ಸಾವಿನ ಮನೆಗೆ ಹೋದರೆ ಗೋಡೆಗೆ ಮುಖಮಾಡಿ ನಿಲ್ಲುತ್ತಾಳೆ. ಗೂಳಪ್ಪ ಮೂರು ಹೊತ್ತೂ ಕಣ್ಣರಳಿಸಿ ಬೆದರಿಕೊಂಡೇ ಓಡಾಡುವುದರಿಂದ ಅವನ ಹೆಂಡತಿ ಭಾರಿ ಗಯ್ಯಾಳಿ ಎಂದು ಸುತ್ತಲ ಊರುಗಳಲ್ಲೆಲ್ಲ ಹೆಸರಾಗಿದೆ. ಪಾಪ, ಆಕೆ ಏರುದನಿಯಲ್ಲಿ ಮಾತಾಡಿದ್ದನ್ನು ನಾನಂತೂ ಕೇಳಿಲ್ಲ. ಮುಖ ಹೇಳದೆ ಉಳಿದದ್ದನ್ನು ನಾವು ಬಾಯಲ್ಲಿ ಹೇಳುತ್ತೇವೆ. "ನಂಗೀಗ ನಗು ಬರ್ತಾ ಇದೆ ಕಣೋ" ಎಂದು ಚೌಡಪ್ಪ ಕಣ್ಣು ಕೆಂಪಗೆ ಮಾಡಿಕೊಂಡೇ ಹೇಳುತ್ತಾನೆ. ನಾವೂ ಹಾಗೆಯೇ ಅರ್ಥ ಮಾಡಿಕೊಳ್ಳುತ್ತೇವೆ.

ನಾಲ್ವರಲ್ಲಿ ನನ್ನದೇ ಸಲೀಸು ಎಂದು ಎಲ್ಲರ ಅನ್ನಿಸಿಕೆ. ನನಗೂ ಹಾಗೇ ಅನ್ನಿಸಿತ್ತು. ಮದುವೆಯಾಗಿರಲಿಲ್ಲ, ಮನೆಯಲ್ಲಿ ಮಕ್ಕಳಿರಲಿಲ್ಲ. ಗಿರಣಿಯಲ್ಲಿ ದಿನವಿಡೀ ಮುಖಕ್ಕೆ ಹಿಟ್ಟು ಕೂತಿರುತ್ತಿತ್ತು, ಅದರಡಿಯಲ್ಲಿ ಏನು ನಡೆದರೂ ಗೊತ್ತಾಗುತ್ತಿರಲಿಲ್ಲ. ಸಂಜೆ ಗಿರಣಿಯ ಬೆಲ್ಟು ಇಳಿಸಿ, ಮುಖ ತೊಳೆದು, ಬಾಗಿಲು ಹಾಕಿಕೊಂಡ ಮೇಲೆ ಹೇಗೆ ಬೇಕೋ ಹಾಗೆ ಇರಬಹುದಿತ್ತು. ಕೆಲವು ದಿನ ಕನ್ನಡಿ ಮುಂದೆ ನಿಂತು ಸುಮ್ಮಸುಮ್ಮನೆ ನಗುತ್ತಿದ್ದೆ. ಚೆನ್ನಾಗಿಯೇ ಬರುತ್ತಿತ್ತು.

ಹಾಗಿದ್ದಾಗ ನನ್ನ ತಂಗಿ ಹಾಲಮ್ಮ ತೀರಿಕೊಂಡಳು. ಅವಳನ್ನು ದೂರದ ಊರಿಗೆ ಕೊಟ್ಟಿದ್ದೆವು. ಎಂಥದೋ ಜ್ವರ, ಮಧ್ಯಾಹ್ನ ಮಲಗಿದವಳು ಏಳಲೇ ಇಲ್ಲ. ಸುದ್ದಿ ತಿಳಿದು ನಾನು ಬಸ್ಸು ಬದಲಾಯಿಸಿಕೊಂಡು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ತಿಂಗಳು ಕಳೆದ ಮೇಲೆ ಅವಳ ಗಂಡ ಮಗಳನ್ನು ಕರೆದುಕೊಂಡು ಗಿರಣಿಯ ಮುಂದೆ ಲಾರಿ ನಿಲ್ಲಿಸಿದ. "ಭಾವ, ನಾನು ವಾರಗಟ್ಟಲೆ ರೋಡಲ್ಲಿರೋನು. ಹೆಣ್ಣುಕೂಸು, ಎಲ್ಲಿ ಬಿಡಲಿ? ನಿಮ್ಮನ್ನ ಬಿಟ್ರೆ ಅವಳ ಅಮ್ಮನ ಕಡೆ ಯಾರಿದಾರೆ?" ಎಂದ. ದಾಕ್ಷಿಗೆ ಆಗ ಒಂಬತ್ತು ವರ್ಷ. ಲಾರಿಯ ಮೆಟ್ಟಿಲಿನಿಂದ ಇಳಿದವಳು ಮುಂದೆ ಬರದೆ, ನನ್ನ ಮುಖವನ್ನೇ ನೋಡುತ್ತ ನಿಂತಳು. ನಾನೂ ಬರಿಮುಖ ಹೊತ್ತು ನಿಂತೆ. ತಂಗಿಯ ಮಗಳು ಮನೆಗೆ ಬಂದ ಹೊತ್ತಿನಲ್ಲಿ ಸೋದರಮಾವ ಮುಖ ಹೇಗಿಟ್ಟುಕೊಳ್ಳಬೇಕು ಎಂದು ಕಟ್ಟಳೆಯಲ್ಲಿ ಬೇರೆಯಾಗಿ ಏನೂ ಹೇಳಿರಲಿಲ್ಲ.

"ಮಾವ, ನಾನು ಬಂದಿದ್ದು ನಿಂಗೆ ಇಷ್ಟ ಇಲ್ವಾ?" ಎಂದು ಊಟಕ್ಕೆ ಕೂತಾಗ ಕೇಳಿದಳು.

"ಇಷ್ಟ ಇದೆ. ನಂಗೆ ತುಂಬಾ ಸಂತೋಷ ಆಗಿದೆ" ಎಂದೆ.

"ಮತ್ಯಾಕೆ ಹಂಗಿದೀಯಾ?"

"ಇದು ನನ್ನ ಕೆಲಸ ಪುಟ್ಟಿ."

ಅವಳು ಸ್ವಲ್ಪ ಯೋಚಿಸಿದಳು. "ಅಪ್ಪಂಗೆ ಲಾರಿ, ನಿಂಗೆ ಮುಖ" ಎಂದಳು. ನನಗೆ ನಗು ಉಕ್ಕಿ ಬಂತು. ಎದ್ದು ಅಡುಗೆಮನೆಯ ಮೂಲೆಗೆ ಹೋಗಿ, ಅವಳಿಗೆ ಬೆನ್ನು ಹಾಕಿ ನಕ್ಕು, ಮುಖ ಸರಿಮಾಡಿಕೊಂಡು ಬಂದು ಸಾರು ಬಡಿಸಿದೆ.

ಅಲ್ಲಿಂದಾಚೆಗೆ ಮುಖ ಸಡಿಲ ಬಿಡಲು ನನಗೆ ಮನೆಯಲ್ಲಿ ಜಾಗವೇ ಉಳಿಯಲಿಲ್ಲ. ಹುಡುಗಿ ನಾನು ಹೋದಲ್ಲೆಲ್ಲ ಇರುತ್ತಿದ್ದಳು. ಗಿರಣಿಯಲ್ಲಿ ಹಿಟ್ಟು ಸುರಿಯುವ ಬಾಯಿಗೆ ಕೈಯೊಡ್ಡಿ, "ಬಿಸಿ ಇದೆ ಮಾವ, ಕೈ ಇಡು" ಎನ್ನುತ್ತಿದ್ದಳು. ಗೋಧಿಗೂ ಜೋಳಕ್ಕೂ ಬೇರೆ ಬೇರೆ ಥರ ಸೀನುತ್ತಿದ್ದಳು. ರಾಗಿ ಬೀಸಲು ಬಂದ ಹೆಂಗಸರ ಹತ್ತಿರ ಕೂತು ಅವರ ಮನೆಯ ದನಕರುಗಳ ಹೆಸರನ್ನೆಲ್ಲ ಕೇಳಿ ತಿಳಿದುಕೊಂಡಳು. ಹೊರಗಿನಿಂದ ಬಂದ ಮಗುವಾದ್ದರಿಂದ ಅವಳಿಗೊಂದು ಕೆಟ್ಟ ಚಾಳಿಯಿತ್ತು. ಮನಸ್ಸಿಗೆ ಏನನ್ನಿಸಿದರೂ ಬಾಯಿಬಿಟ್ಟು ಹೇಳಲು ಬರುತ್ತಿದ್ದಳು. ನಮ್ಮೂರಿನಲ್ಲಿ ಒಳ್ಳೆಯ ಮನೆತನದವರು ಮಕ್ಕಳಿಗೆ ಅದನ್ನು ಮೊದಲೇ ಬಿಡಿಸಿರುತ್ತಾರೆ. "ಹೇಳಬಾರದು ಪುಟ್ಟಿ, ಅದೆಲ್ಲ ಪಟದಲ್ಲಿ ಬರುತ್ತೆ" ಎಂದು ನಾನೂ ಬಿಡಿಸಿದೆ. ಬೇಗ ಕಲಿತಳು.

ಒಂದು ವಿಷಯ ಮಾತ್ರ ನನಗೆ ಬಗೆಹರಿಯಲಿಲ್ಲ. ಮಧ್ಯಾಹ್ನ ಊಟವಾದ ಮೇಲೆ ನಾನು ಗೋಣಿಚೀಲಗಳ ಮೇಲೆ ಒಂದು ಗಳಿಗೆ ಅಡ್ಡಾದರೆ, ಅವಳು ಬಂದು ಪಕ್ಕೆಗೆ ಬೆರಳಿನಿಂದ ತಿವಿಯುತ್ತಿದ್ದಳು. "ಏನೇ?" ಎಂದರೆ "ಏನಿಲ್ಲ" ಎಂದು ಹೋಗುತ್ತಿದ್ದಳು. ಮತ್ತೆ ಕಣ್ಣು ಹತ್ತುವಷ್ಟರಲ್ಲಿ ಇನ್ನೊಂದು ತಿವಿತ. ನಾನು ಕೇಳಲಿಲ್ಲ. ಕೇಳುವುದು ನಮ್ಮಲ್ಲಿ ರೂಢಿಯಿಲ್ಲ. ಹಗಲುನಿದ್ದೆ ಬಿಟ್ಟುಬಿಟ್ಟೆ, ಅಷ್ಟೆ. ಆ ಹೊತ್ತಿಗೆ ಈ ಹುಡುಗಿ ಇಲ್ಲದೆ ನನಗೆ ಒಂದು ದಿನವೂ ಆಗದು ಎಂಬುದು ನನಗೆ ಗೊತ್ತಾಗಿತ್ತು. ಅದನ್ನು ಅವಳಿಗೆ ಹೇಳಿಯೂ ಇದ್ದೆ, ಇದೇ ಮುಖದಲ್ಲಿ. ನಂಬಿದಳೋ ಇಲ್ಲವೋ ತಿಳಿಯದು.

ಅವಳ ಮೊದಲ ಪಟದ ದಿನ ಬಂತು. ಬಳೆಯ ಹತ್ತಿರ ಕಬ್ಬಿಣ, ಬೆಳ್ಳಿ ಏನೂ ಹೋಗಬಾರದು. ಕಿವಿಯ ಓಲೆ, ಕಾಲ್ಗೆಜ್ಜೆ, ಪಿನ್ನು ಎಲ್ಲ ಬಿಚ್ಚಿ ನನ್ನ ಕೈಗೆ ಕೊಟ್ಟು ಒಳಗೆ ಹೋದಳು. ತಟ್ಟೆ ಬಡಿದು ಅಭ್ಯಾಸ ಮಾಡಿಸಿದ್ದು ಫಲಕೊಟ್ಟಿತು, ಒಂದಿಷ್ಟೂ ಅಲುಗಲಿಲ್ಲ. ಮೇಡಂ ನನ್ನನ್ನು ಒಳಗೆ ಕರೆದು ಪಟಗಳನ್ನು ದೀಪದ ಮುಂದೆ ಹಿಡಿದರು. ಕುಸುಮಕ್ಕನ ನಗುಮುಖಕ್ಕೆ ಬಾದಾಮಿ ತಣ್ಣಗಿತ್ತು. ಗೂಳಪ್ಪನಿಗೆ ನಸುಗೆಂಪು, ಚೌಡಪ್ಪನಿಗೆ ಇನ್ನೊಂದಿಷ್ಟು. ನನ್ನ ಮುಖದ ಪಟ ಎತ್ತಿದಾಗ ಅಲ್ಲಿದ್ದ ಸಹಾಯಕಿ ಬಾಯಿಗೆ ಸೆರಗು ಅಡ್ಡ ಹಿಡಿದಳು. ಎರಡೂ ಕಡೆ ಕೆಂಡದ ಹಾಗಿತ್ತು.

"ಬರಿಮುಖಕ್ಕೆ ಎಲ್ಲ ಮಕ್ಕಳದ್ದೂ ಸ್ವಲ್ಪ ಹೆಚ್ಚೇ ಕೆಂಪಾಗುತ್ತೆ" ಎಂದರು ಮೇಡಂ. ಅವರು ಕೆಟ್ಟವರಲ್ಲ, ಅವರ ದನಿಯಲ್ಲಿ ಬೇಸರವಿತ್ತು. "ಕೋಪ ಅಂದ್ರೆ ಕೋಪ ಅಂತ ಗೊತ್ತಾಗಿಬಿಡುತ್ತೆ. ಏನೂ ಇಲ್ಲದ ಮುಖದ ಹಿಂದೆ ಏನು ಬೇಕಾದ್ರೂ ಇರಬಹುದಲ್ಲ, ಮಕ್ಕಳು ಅದಕ್ಕೇ ಹೆಚ್ಚು ಹೆದರ್ತಾರೆ. ಆದ್ರೆ ಇಷ್ಟು ಕೆಂಪು ನಾನು ನೋಡೇ ಇಲ್ಲ ತಿಪ್ಪೇಶಿ. ನಿಯಮ ನಿಮಗೇ ಗೊತ್ತಿದೆ."

ಗೊತ್ತಿತ್ತು. ಮಗು ಹೆದರುವವರ ಮನೆಯಲ್ಲಿ ಮಗುವನ್ನು ಇಡುವಂತಿಲ್ಲ. ಒಳ್ಳೆಯ ನಿಯಮವೇ. ಕುಡಿದು ಬಂದು ಬಡಿಯುವ ಅಪ್ಪಂದಿರಿಂದ ಎಷ್ಟೋ ಮಕ್ಕಳನ್ನು ಅದು ಬದುಕಿಸಿದೆ. ಅಂಥ ಮಕ್ಕಳನ್ನು ಕುಸುಮಕ್ಕನ ಮನೆಗೆ ಕಳಿಸುತ್ತಾರೆ, ಅವಳ ನಗುಮುಖಕ್ಕೆ ಯಾವ ಮಗುವೂ ಹೆದರಿದ್ದಿಲ್ಲ. ಊರಿನವರೆಲ್ಲ ಕೂಡಿ ಆ ನಿಯಮ ಮಾಡಿದ ದಿನ ನಾನೂ ಕೈ ಎತ್ತಿದ್ದೆ.

"ದಸರಾ ರಜೆ ಕಳೀಲಿ, ಇನ್ನೊಂದು ಪಟ ತೆಗೀತೀನಿ. ಅದರಲ್ಲೂ ಹೀಗೇ ಬಂದ್ರೆ ಹುಡುಗೀನ ಕುಸುಮಕ್ಕನ ಮನೆಗೆ ಕಳಿಸಬೇಕಾಗುತ್ತೆ" ಎಂದರು ಮೇಡಂ.

"ನಂಗೆ ತುಂಬಾ ದುಃಖ ಆಗ್ತಾ ಇದೆ ಮೇಡಂ" ಎಂದೆ.

"ಗೊತ್ತು" ಎಂದರು. ಆದರೆ ಅವರು ನೋಡುತ್ತಿದ್ದದ್ದು ಪಟವನ್ನು.

ಚೌಡಪ್ಪ ಗಿರಣಿಗೆ ಬಂದು, ಹುಬ್ಬು ಗಂಟಿಕ್ಕಿಕೊಂಡು, ಅರ್ಧ ಚೀಲ ಗೋಧಿಯ ಮೇಲೆ ಕೂತು ನನಗೆ ಸಮಾಧಾನ ಹೇಳಿದ. "ಮುಖದ ಕೆಲಸ ಬಿಡ್ತೀನಿ ಅಂತ ಹೋಗ್ಬೇಡ. ನೀನು ಬಿಟ್ರೂ ಬಳೆಯೊಳಗೆ ನಿನ್ನ ಫೋಟೋ ಇದ್ದೇ ಇರುತ್ತಲ್ಲ, ಅವಳು ನೋಡೋದು ಅದನ್ನೇ. ಅಭ್ಯಾಸ ಮಾಡ್ಸು. ದಿನಾ ಅವಳ ಮುಂದೆ ಕೂತ್ಕೋ, ಏನಾದ್ರೂ ಸಿಹಿ ಕೊಡು, ನೋಡ್ಲಿ. ನೋಡ್ತಾ ನೋಡ್ತಾ ಹೆದರಿಕೆ ಸವೆದುಹೋಗುತ್ತೆ. ನನ್ ಹೆಂಡ್ತಿ ನನ್ ಜೊತೆ ಬಾಳ್ತಾ ಇಲ್ವಾ?"

ಅದು ಸರಿಯೆನಿಸಿತು. ಅವತ್ತಿನಿಂದ ಸಂಜೆ ಗಿರಣಿಯನ್ನು ಬೇಗ ನಿಲ್ಲಿಸಿ, ದಾಕ್ಷಿಗೆ ಊಟ ಬಡಿಸಿ, ಅವಳೆದುರು ಚಕ್ಕಳಮಕ್ಕಳ ಹಾಕಿ ಕೂರುತ್ತಿದ್ದೆ. ಬಳೆಯೊಳಗೆ ಹೇಗಿದ್ದೇನೋ ಹಾಗೆ, ಕತ್ತು ನೆಟ್ಟಗೆ, ತುಟಿ ಮುಚ್ಚಿ, ಕಣ್ಣು ಅವಳ ಮೇಲಿಟ್ಟು. ಒಂದು ದಿನ ಹೋಳಿಗೆ, ಒಂದು ದಿನ ಗೋಧಿ ಪಾಯಸ, ಕೈಲಾಗದ ದಿನ ಬೆಲ್ಲದಚ್ಚು. ಹುಡುಗಿ ನನ್ನನ್ನು ನೋಡುತ್ತ ನಿಧಾನವಾಗಿ ಉಣ್ಣುತ್ತಿದ್ದಳು. ಎಷ್ಟು ನಿಧಾನವೆಂದರೆ ಅನ್ನ ಆರಿ ಅಕ್ಕಿಯಾಗುತ್ತಿತ್ತು. ಹೆದರಿಕೆಯನ್ನು ಹಲ್ಲು ಕಚ್ಚಿ ಸಹಿಸಿಕೊಳ್ಳುತ್ತಿದ್ದಾಳೆ, ನನಗಾಗಿ ಸಹಿಸಿಕೊಳ್ಳುತ್ತಿದ್ದಾಳೆ ಎಂದು ಒಳಗೇ ಮರುಗುತ್ತಿದ್ದೆ. ಮುಖದಲ್ಲಿ ಏನೂ ತೋರಿಸುತ್ತಿರಲಿಲ್ಲ. ನನ್ನ ಬದುಕಿನಲ್ಲೇ ಅಷ್ಟು ಚೆನ್ನಾಗಿ ನಾನು ಬರಿಮುಖ ಹಿಡಿದದ್ದಿಲ್ಲ.

ರಜೆ ಕಳೆದ ಮೇಲೆ ಎರಡನೆಯ ಪಟ ತೆಗೆದರು. ಮೊದಲಿಗಿಂತ ಕೆಂಪಾಗಿತ್ತು.

ಕರೆದೊಯ್ಯಲು ಕುಸುಮಕ್ಕ ಮಾರನೆಯ ದಿನ ಬೆಳಿಗ್ಗೆ ಬಂದಳು. ಶಾಲೆಗೆ ಹೋಗುವ ಹೊತ್ತು, ಗಿರಣಿಯ ಮುಂದಿನ ರಸ್ತೆಯ ತುಂಬ ಯೂನಿಫಾರ್ಮಿನ ಮಕ್ಕಳು. ಆದ್ದರಿಂದ ಅವಳ ಮುಖದ ತುಂಬ ಹಲ್ಲು ಕಾಣುವಂಥ ನಗುವಿತ್ತು. "ತಿಪ್ಪೇಶಿ, ನಂಗಿದು ಬೇಕಾಗಿರ್ಲಿಲ್ಲ ಕಣಪ್ಪ. ನಂಗೆ ಸಂಕಟ ಆಗ್ತಾ ಇದೆ" ಎಂದಳು ನಗುತ್ತಲೇ. ನಗುವಿನ ಎರಡೂ ಬದಿಯಲ್ಲಿ ಕಣ್ಣೀರು ಇಳಿಯುತ್ತಿತ್ತು. ಕಣ್ಣೀರಿನ ಬಗ್ಗೆ ಕಟ್ಟಳೆಯಲ್ಲಿ ಏನೂ ಇಲ್ಲ, ಮುಖ ಅಲುಗದಿದ್ದರೆ ಸಾಕು. ಕುಸುಮಕ್ಕ ಒಬ್ಬಳಿಗೆ ಮಾತ್ರ ಅದು ಸಾಧ್ಯ.

ನಾನು ಅದೇ ತಾನೇ ಜೋಳ ಹಾಕಿದ್ದೆ. ಗಿರಣಿ ನಿಲ್ಲಿಸಿ ಹೊರಗೆ ಬಂದೆ. ದಾಕ್ಷಿ ತನ್ನ ಬಟ್ಟೆಯ ಚೀಲವನ್ನು ತಾನೇ ತುಂಬಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಅವಳಿಗೂ ಯಾರೂ ಏನೂ ಕೇಳಿರಲಿಲ್ಲ. ಪಟ ಹೇಳಿದೆ, ಹೋಗಬೇಕು ಎಂದಷ್ಟೇ ಹೇಳಿದ್ದೆವು. ಅವಳು ಚೀಲವನ್ನು ಕೆಳಗಿಟ್ಟು ನನ್ನ ಹತ್ತಿರ ಬಂದಳು. ಎರಡೂ ಕೈಯಿಂದ ನನ್ನ ಅಂಗಿಯ ಮೇಲಿನ ಹಿಟ್ಟನ್ನು ತಟ್ಟಿ ತಟ್ಟಿ ಉದುರಿಸತೊಡಗಿದಳು. ಗಿರಣಿಯವನ ಅಂಗಿಯ ಹಿಟ್ಟು, ಅದು ಉದುರಿ ಮುಗಿಯುವಂಥದ್ದಲ್ಲ. "ಮಧ್ಯಾಹ್ನ ಮಲಗ್ಬೇಡ ಮಾವ" ಎಂದಳು. "ನಾನಿರಲ್ಲ. ಎಬ್ಬಿಸೋಕೆ ಯಾರೂ ಇರಲ್ಲ."

ಅವಳ ಅಮ್ಮ ಮಧ್ಯಾಹ್ನ ಮಲಗಿದ್ದವಳು ಎಂಬುದು ನನ್ನ ಮಂಡೆಗೆ ಹೊಳೆದದ್ದು ಆಗ. ಇಷ್ಟು ದಿನ ಆ ಪುಟ್ಟ ಬೆರಳು ನನ್ನನ್ನು ಯಾಕೆ ತಿವಿಯುತ್ತಿತ್ತು ಎಂಬುದೂ ಆಗಲೇ.

"ನಂಗೆ ದುಃಖ ಆಗ್ತಾ ಇದೆ" ಎಂದು ರೂಢಿಯ ಪ್ರಕಾರ ಹೇಳಲು ಹೊರಟೆ. ದುಃಖ ಎನ್ನುವುದರೊಳಗೆ ನಾಲಿಗೆ ನಿಂತುಹೋಯಿತು, ಮುಖ ಶುರುವಾಯಿತು. ಮೊದಲು ಗದ್ದ ನಡುಗಿತು. ಆಮೇಲೆ ತುಟಿ ಎರಡು ಕಡೆಗೆ ಎಳೆದುಕೊಂಡಿತು, ಹಣೆ ಗಂಟಾಯಿತು, ಇಷ್ಟು ವರ್ಷ ಅಲ್ಲಿ ಏನೇನು ಇಟ್ಟಿದ್ದೆನೋ ಎಲ್ಲ ಒಮ್ಮೆಗೇ ಹೊರಬಿತ್ತು. ದೊಡ್ಡ ದನಿಯಲ್ಲಿ ಅತ್ತೆ. ಕೆನ್ನೆಯ ಮೇಲಿನ ಹಿಟ್ಟು ಕಣ್ಣೀರಿಗೆ ಕಲೆತು ಕಣಕವಾಯಿತು. ದಾಕ್ಷಿಯನ್ನು ಎತ್ತಿ ಎದೆಗೆ ಅವುಚಿಕೊಂಡೆ, ಅವಳೂ ಕಣಕವಾದಳು.

"ಬರಿಮುಖ ಅಳ್ತಾ ಇದೆ!" ಎಂದು ಯಾವುದೋ ಹುಡುಗ ಕೂಗಿದ. ರಸ್ತೆಯ ಮಕ್ಕಳೆಲ್ಲ ಗಿರಣಿಯ ಮುಂದೆ ಗುಂಪುಗೂಡಿದರು. ಅವರು ಹುಟ್ಟಿದಾಗಿನಿಂದ ನೋಡಿದ ಮುಖ, ಹೀಗೂ ಆಗುತ್ತದೆ ಎಂದು ಅವರಿಗೆ ಗೊತ್ತಿರಲಿಲ್ಲ. ಕೆಲವರು ತಾವೂ ಅತ್ತರು. ಚೌಡಪ್ಪ ಅಂಗಡಿ ಬಿಟ್ಟು ಓಡಿ ಬಂದು, ಹಲ್ಲು ಕಡಿಯುತ್ತ, ಸಿಕ್ಕಸಿಕ್ಕವರ ಕೈಗೆಲ್ಲ ಪೆಪ್ಪರ್‌ಮೆಂಟು ತುರುಕಿದ. ಹೆಡ್‌ಮಾಸ್ತರರು ಇಂಥ ಸಂದರ್ಭಕ್ಕೆ ಏನು ಮಾಡಬೇಕೆಂದು ತಿಳಿಯದೆ ಶಾಲೆಗೆ ರಜೆ ಕೊಟ್ಟರು.

ಹೊತ್ತು ಏರುವುದರೊಳಗೆ ವಾರಿಜಾ ಮೇಡಂ ಬಂದರು. ನನ್ನ ಮುಖವನ್ನು ಆ ಕಡೆಯಿಂದ ಈ ಕಡೆಯಿಂದ ನೋಡಿದರು. ನಾನು ಅಷ್ಟು ಹೊತ್ತಿಗೆ ಅಳು ನಿಲ್ಲಿಸಿದ್ದೆ, ಆದರೆ ಮುಖ ಹಳೆಯ ಜಾಗಕ್ಕೆ ಮರಳಿರಲಿಲ್ಲ.

"ಕೆಟ್ಟಿತು" ಎಂದರು ಮೇಡಂ. "ಊರಿನ ಅರ್ಧ ಮಕ್ಕಳು ನೋಡಿಬಿಟ್ಟಿದಾರೆ. ಇನ್ನು ಇದು ಬರಿಮುಖ ಅಲ್ಲ. ಹಿಂದಿನ ಎಲ್ಲ ಪಟದಲ್ಲೂ ಇದರ ಭಾಗ ದಂಡ."

"ತಪ್ಪಾಯ್ತು ಮೇಡಂ" ಎಂದೆ.

ಅವರು ಬಾಗಿಲ ಪಕ್ಕದ ಜೋಳದ ಚೀಲದ ಮೇಲೆ ಕೂತರು. ನಿಯಮವನ್ನು ತಲೆಕೆಳಗು ಮಾಡಲು ಅವರಿಂದಾಗದು, ಅದರ ಕೊನೆಯವರೆಗೂ ಹೋಗದೆ ಇರಲೂ ಆಗದು, ಅಂಥವರು ಅವರು. "ದಾಕ್ಷಿಯ ಪಟದಲ್ಲಿ ಕೆಂಪಾಗಿದ್ದು ಈ ಮುಖಕ್ಕೆ. ಈ ಮುಖವೇ ರದ್ದಾದ ಮೇಲೆ ಆ ಕೆಂಪಿಗೆ ಅರ್ಥ ಇಲ್ಲ. ಅರ್ಥ ಇಲ್ಲದ ಪಟ ಹಿಡಕೊಂಡು ಹುಡುಗೀನ ಕಳಿಸೋಕೆ ಬರಲ್ಲ. ಕುಸುಮಕ್ಕ, ನೀವು ಮನೆಗೆ ಹೋಗಿ" ಎಂದರು. ಕುಸುಮಕ್ಕ ಮೊದಲಿನ ಹಾಗೆಯೇ ನಕ್ಕಳು. ಆ ನಗುವಿನಲ್ಲಿ ಏನೂ ವ್ಯತ್ಯಾಸ ಕಾಣಲಿಲ್ಲವಾದರೂ ಮನೆಗೆ ಹೋಗುವಾಗ ಬೀಸುಗಾಲು ಹಾಕಿದಳು.

ಊರಿನವರು ಕೆಲವು ದಿನ ನನ್ನ ಮೇಲೆ ಮುನಿದುಕೊಂಡರು. ನಿನ್ನೊಬ್ಬನಿಂದ ನಮ್ಮ ಮಕ್ಕಳ ವರ್ಷವರ್ಷದ ಪಟ ಹಾಳಾಯಿತು ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿದವರೂ ಇದ್ದಾರೆ. ಪಕ್ಕದೂರಿನ ಗಿರಣಿಗೆ ಜೋಳ ಹೊತ್ತವರೂ ಇದ್ದಾರೆ. ಅಲ್ಲಿ ಹಿಟ್ಟು ತರಿತರಿಯಾಗಿ ಬೀಸುತ್ತಾರೆ, ಹೀಗಾಗಿ ಒಬ್ಬೊಬ್ಬರೇ ವಾಪಸು ಬಂದರು. ಪೋಸ್ಟಾಫೀಸಿನವರೊಬ್ಬರು ಹೊಸ ಬರಿಮುಖವಾದರು.

ಬಳೆಯಿಂದ ತೆಗೆದ ನನ್ನ ಮುಖದ ಫೋಟೋವನ್ನು ಮೇಡಂ ತಾವೇ ಮನೆಗೆ ತಂದರು. ರದ್ದಾದ ಮುಖವನ್ನು ಅದರ ಒಡೆಯನೇ ಹರಿದು ಹಾಕಬೇಕು ಎಂಬುದು ಪದ್ಧತಿ. ತಟ್ಟೆಯಗಲದ ಫೋಟೋ, ಕತ್ತು ನೆಟ್ಟಗೆ, ತುಟಿ ಮುಚ್ಚಿ, ಕಣ್ಣು ಎದುರಿಗೆ. ಮೂಲೆಯಲ್ಲಿ ಹಿಡಿದು ಹರಿಯಲು ಹೊರಟೆ. ರೊಟ್ಟಿ ತಿನ್ನುತ್ತ ಕೂತಿದ್ದ ದಾಕ್ಷಿ ತಟ್ಟೆ ಒದ್ದು ಬಂದಳು.

"ಹರೀಬೇಡ ಮಾವ, ಹರೀಬೇಡ! ಅದು ಅಮ್ಮ!"

ನನಗೆ ಅರ್ಥವಾಗಲಿಲ್ಲ. ಮೇಡಂಗೂ ಆಗಲಿಲ್ಲ. ಅವರು ಇಷ್ಟು ವರ್ಷದ ಕೆಲಸದಲ್ಲಿ ಯಾವ ಮಗುವಿಗೂ ಹಾಕದಿದ್ದ ಪ್ರಶ್ನೆಯನ್ನು ಹಾಕಿದರು. ಬಾಯಿಗೆ ಅಭ್ಯಾಸವಿಲ್ಲದೆ ತಡವರಿಸಿಕೊಂಡೇ ಹಾಕಿದರು. "ಇದನ್ನ... ಇದನ್ನ ನೋಡಿದ್ರೆ ನಿಂಗೆ ಏನನ್ಸುತ್ತೆ ಮಗು?"

ದಾಕ್ಷಿ ನನ್ನ ಕಡೆ ನೋಡಿದಳು, ಹೇಳಬಹುದೇ ಎಂದು. ತಲೆಯಾಡಿಸಿದೆ.

"ಅಮ್ಮ ರೊಟ್ಟಿ ತಟ್ಟುವಾಗ ಹಿಂಗೇ ಇರ್ತಿದ್ಲು" ಎಂದಳು. "ನಗ್ತಾನೂ ಇರಲ್ಲ, ಬೈತಾನೂ ಇರಲ್ಲ. ಸುಮ್ನೆ ಇರ್ತಿದ್ಲು. ನಾನು ಪಕ್ಕದಲ್ಲಿ ಕೂತಿರ್ತಿದ್ದೆ. ಬಳೆಯೊಳಗೆ ಬೇರೆಯವ್ರೆಲ್ಲ ಬಂದು ಹೋಗ್ತಾರೆ, ಆಮೇಲೆ ಅಮ್ಮ ಬರ್ತಾಳೆ. ಇನ್ನೇನು ನನ್ನ ನೋಡಿ ಮಾತಾಡಿಸ್ತಾಳೆ ಅನ್ಸುತ್ತೆ. ಅಷ್ಟರಲ್ಲಿ ಹೋಗಿಬಿಡ್ತಾಳೆ."

"ಹೆದರಿಕೆ ಆಗಲ್ವಾ?"

"ಅಮ್ಮನ್ ಕಂಡ್ರೆ ಯಾಕ್ ಹೆದರಿಕೆ?" ಎಂದಳು ದಾಕ್ಷಿ.

ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ನಾನೂ ಹಾಲಮ್ಮನೂ ಒಂದೇ ಅಚ್ಚು ಎಂದು ನಮ್ಮವ್ವ ಸಾಯುವವರೆಗೂ ಹೇಳುತ್ತಿದ್ದಳು. ಅದೇ ಅಗಲ ಹಣೆ, ಅದೇ ಕೆಳತುಟಿ. ಇಷ್ಟು ವರ್ಷ ಅದನ್ನು ನನ್ನ ಮುಖವೆಂದೇ ತಿಳಿದಿದ್ದೆ. ನನ್ನ ತಂಗಿ ಅದರೊಳಗೆ ಕೂತು ರೊಟ್ಟಿ ತಟ್ಟುತ್ತಿದ್ದಳು. ಅವಳದ್ದು ಒಂದೂ ಫೋಟೋ ಇರಲಿಲ್ಲ, ಮದುವೆಯಲ್ಲಿ ತೆಗೆದ ರೀಲೂ ಬೆಳಕು ಬಿದ್ದು ಹಾಳಾಗಿತ್ತು. ಮೇಡಂ, ಕೆಂಪೆಲ್ಲ ಹೆದರಿಕೆಯಲ್ಲ, ಹಾಗಾದರೆ ಬೇರೆ ಮಕ್ಕಳ ಕೆಂಪು ಯಾವುದಕ್ಕೆಂದು ಇನ್ನು ಯಾರನ್ನು ಕೇಳಲಿ ಎಂದು ತಮಗೆ ತಾವೇ ಅಂದುಕೊಂಡು, ಚಪ್ಪಲಿ ಮೆಟ್ಟಿಕೊಂಡು ಹೋದರು. ಈಗ ಪಟ ತೆಗೆದಾದ ಮೇಲೆ ಪ್ರತಿಯೊಂದು ಮಗುವನ್ನೂ ಹತ್ತಿರ ಕೂರಿಸಿಕೊಂಡು ಅದೊಂದು ಪ್ರಶ್ನೆ ಕೇಳುತ್ತಾರೆ. ತುಂಬಾ ಹೊತ್ತು ಹಿಡಿಯುತ್ತದೆ ಎಂದು ಊರಿನವರು ಗೊಣಗುತ್ತಾರೆ.

ಫೋಟೋಗೆ ಕಟ್ಟು ಹಾಕಿಸಿ ನಡುಮನೆಯಲ್ಲಿ ತೂಗುಹಾಕಿದ್ದೇವೆ. ದಾಕ್ಷಿ ಅದಕ್ಕೆ ಕುಂಕುಮವಿಟ್ಟು ಹೂವಿನ ಹಾರ ಹಾಕುತ್ತಾಳೆ. ಅಮ್ಮನ ತಿಥಿಯ ದಿನ ಎಡೆಯನ್ನೂ ಇಡುತ್ತಾಳೆ. ಮನೆಗೆ ಬಂದವರು ಗೋಡೆಯ ಮೇಲಿನ ಹಾರ ಹಾಕಿದ ನನ್ನನ್ನು ನೋಡಿ, ಅದರಡಿಯಲ್ಲಿ ಕಾಫಿ ಲೋಟ ಹಿಡಿದು ನಿಂತ ನನ್ನನ್ನು ನೋಡಿ, ಏನು ಮಾತಾಡಬೇಕೆಂದು ತಿಳಿಯದೆ ಮಳೆ ಬೆಳೆ ವಿಚಾರಿಸುತ್ತಾರೆ. ಬದುಕಿರುವವನಿಗೆ ಹಾರ ಹಾಕಿದರೆ ಆಯುಸ್ಸು ಕಮ್ಮಿಯಾಗುತ್ತೆ ಕಣೋ ಎಂದು ಚೌಡಪ್ಪ ಒಳ್ಳೆಯ ಮನಸ್ಸಿನಿಂದಲೇ ಎಚ್ಚರಿಸಿದ. ಅದು ನಾನಲ್ಲ, ನನ್ನ ತಂಗಿ ಎಂದೆ.

ಮುಖದ ಕೆಲಸ ಹೋದ ಮೇಲೆ ಮೀಸೆ ಬಿಡಬೇಕೆಂಬ ಆಸೆ ನನಗಿತ್ತು. ಚಿಕ್ಕಂದಿನಿಂದಲೂ ಇತ್ತು. ಬಿಟ್ಟೆ ಕೂಡ, ನಾಲ್ಕು ದಿನಕ್ಕೆ ಕಪ್ಪಗೆ ಚಿಗುರಿತ್ತು. ದಾಕ್ಷಿ ಊಟಕ್ಕೆ ಕೂತಾಗ ನನ್ನನ್ನು ನೋಡಿ, ಗೋಡೆ ನೋಡಿ, ಮತ್ತೆ ನನ್ನನ್ನು ನೋಡಿದಳು. ಈ ಸಲ ನಾನು ಕೇಳಿದೆ. "ಏನೇ ಪುಟ್ಟಿ?"

"ಏನಿಲ್ಲ ಮಾವ. ಅಮ್ಮ ಸ್ವಲ್ಪ ಕಮ್ಮಿ ಆದ್ಲು" ಎಂದಳು.

ಈಗ ಅವಳು ಏಳುವುದಕ್ಕೆ ಮುಂಚೆಯೇ ಎದ್ದು, ಬಚ್ಚಲ ಕನ್ನಡಿಯ ಮುಂದೆ ನಿಂತು ದಿನಾ ಶೇವ್ ಮಾಡಿಕೊಳ್ಳುತ್ತೇನೆ.